ಆ ಬೆಂಚಿನ ಮೇಲೆ ಕೂರೋಕೆ ನಂಗೆ ಒಂದೂವರೆ ವರ್ಷ ಬೇಕಾಯ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಆಲೂರು ತಾಲ್ಲೂಕಿನವನು. ಸ್ವಂತ ಪಿಕಪ್ ಇದೆ, ಶುಂಠಿ, ಆಲೂಗಡ್ಡೆ, ಮೆಣಸು, ತೋಟಕ್ಕೆ ಗೊಬ್ಬರ, ಸಿಕ್ಕಿದ ಬಾಡಿಗೆ ಹೊಡೀತೀನಿ, ಹಾಸನ ಮಾರ್ಕೆಟ್ಟು, ಶಿರಾಡಿ ಘಾಟ್ ಇಳಿದು ಮಂಗಳೂರು, ಒಂದೊಂದ್ಸಲ ಬೆಂಗಳೂರು. ಲೋಡ್ ಇಳಿಯೋ ತನಕ ಟೀ ಅಂಗಡೀಲಿ ಕೂತು ನಿಮ್ಮ ಪೇಪರ್ ಓದೋದು ಹತ್ತು ವರ್ಷದ ಅಭ್ಯಾಸ, ಪತ್ರ ಬರೀತಿರೋದು ಮಾತ್ರ ಇದೇ ಮೊದಲು. ಹೆಸರು, ಊರು ಹಾಕ್ಬೇಡಿ ಅಂತ ಮೊದಲೇ ಕೇಳ್ಕೋತೀನಿ, ಯಾಕೆ ಅಂತ ಓದಿದ್ರೆ ಗೊತ್ತಾಗುತ್ತೆ.

ಹದಿನೈದು ದಿನದ ಹಿಂದೆ ಮಾರ್ಕೆಟ್ಟಲ್ಲಿ ನಮ್ಮ ಜೊತೆ ಗಾಡಿ ಓಡಿಸೋ ಒಬ್ಬ ಹುಡುಗ, ಇನ್ನೂ ಮದುವೆ ಆಗಿಲ್ಲ, ನನ್ನ ಪಕ್ಕಕ್ಕೆ ಬಂದು ನಿಂತು "ಅಣ್ಣ, ಒಂದೇ ಒಂದ್ಸಲ ತಪ್ಪು ಮಾಡಿದ್ರೂ ಅದು ಬರುತ್ತಾ" ಅಂದ. ಅದು ಅಂದ್ರೆ ಯಾವುದು ಅಂತ ನಾನು ಕೇಳ್ಲಿಲ್ಲ, ಎಚ್‌ಐವಿ, ಏಡ್ಸ್ ತರೋ ವೈರಸ್ಸಿನ ಮಾತು ಅಂತ ಗೊತ್ತಾಯ್ತು. ಮಾತಾಡ್ತಾ ಮಾತಾಡ್ತಾ ಅವನ ಬೆರಳು ಕತ್ತಿನ ಪಕ್ಕದಲ್ಲಿ ಏನೋ ಹುಡುಕ್ತಾ ಇತ್ತು, ಗಂಟು ಇದೆಯಾ ಅಂತ. ಅದನ್ನ ನೋಡಿದ ತಕ್ಷಣ ಎದೆ ಝಲ್ ಅಂತು, ಯಾಕಂದ್ರೆ ನಾನೂ ಒಂದೂವರೆ ವರ್ಷ ಹಂಗೇ ಕತ್ತು ಒತ್ತಿ ಒತ್ತಿ ನೋಡ್ಕೊಂಡವನು, ಒತ್ತಿದ್ದಕ್ಕೇ ಅಲ್ಲಿ ನೋವು ಬಂದು, ನೋವಿದೆ ಅಂದ್ಮೇಲೆ ಅದೇ ಇರ್ಬೇಕು ಅಂತ ಮತ್ತೆ ಒತ್ತಿದವನು. ಸುತ್ತ ಹಮಾಲಿಗಳಿದ್ರು, ಜಾಸ್ತಿ ಮಾತಾಡೋಕಾಗಲಿಲ್ಲ. ಅವತ್ತು ಅವನಿಗೆ ಹೇಳೋಕಾಗದೆ ಗಂಟಲಲ್ಲೇ ಉಳಿದಿದ್ದನ್ನ ಇಲ್ಲಿ ಬರೀತಿದ್ದೀನಿ.

ನಾಲ್ಕು ವರ್ಷದ ಹಿಂದಿನ ಮಾತು. ಬಾಡಿಗೆಗೆ ಹೋದ ಊರಲ್ಲಿ ಒಂದು ರಾತ್ರಿ. ಯಾವ ಊರು, ಯಾರು ಅನ್ನೋದು ಬೇಡ. ಕಾಂಡೋಮ್ ಇರ್ಲಿಲ್ಲ. ಮನೇಲಿ ಹೆಂಡ್ತಿ, ಮೂರು ವರ್ಷದ ಮಗಳು. ಕುಡಿದಿದ್ದೆ ಅಂತ ಹೇಳಿ ಅದನ್ನ ಸಣ್ಣದು ಮಾಡಲ್ಲ, ತಪ್ಪು ನಂದೇ. ಬೆಳಿಗ್ಗೆ ಎದ್ದು ಗಾಡಿ ಸ್ಟಾರ್ಟ್ ಮಾಡಿದವನು ಅದನ್ನ ಅಲ್ಲೇ ಬಿಟ್ಟು ಬಂದೆ ಅಂದ್ಕೊಂಡೆ. ಅವತ್ತೇ ನಂಗೆ ಗೊತ್ತಿದ್ದಿದ್ರೆ ಅಂತ ಈಗಲೂ ಅನ್ಸುತ್ತೆ, ಇಂಥದ್ದು ಆದ 72 ಗಂಟೆ ಒಳಗೆ ಡಾಕ್ಟರ್ ಹತ್ರ ಹೋದ್ರೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, 28 ದಿನ ತಗೊಳ್ಳೋ ಮಾತ್ರೆ ಇದೆಯಂತೆ, ವೈರಸ್ ಒಳಗೆ ಬೇರು ಬಿಡದ ಹಂಗೆ ತಡೆಯೋಕೆ. ಮೂರು ದಿನ! ಆ ಮೂರು ದಿನ ನಾನು ಟೈರ್ ಬದಲಾಯಿಸೋ ವಿಷ್ಯಕ್ಕೆ ಶೋರೂಮಲ್ಲಿ ಜಗಳ ಆಡ್ತಾ ಇದ್ದೆ.

ನಾಲ್ಕು ತಿಂಗಳು ಯೋಚನೆನೇ ಬರ್ಲಿಲ್ಲ. ಆಮೇಲೆ ಹಾಸನದಲ್ಲಿ ಒಂದು ರಕ್ತದಾನ ಶಿಬಿರ ಇತ್ತು, ಡ್ರೈವರ್‌ಗಳೆಲ್ಲ ಸೇರಿ ಹೋದ್ವಿ, ನಾನು ಅದಕ್ಕೆ ಮುಂಚೆ ಐದಾರು ಸಲ ಕೊಟ್ಟಿದ್ದೆ. ಅಲ್ಲಿ ಒಂದು ಫಾರಂ ತುಂಬಿಸ್ತಾರಲ್ಲ, ಜಾಂಡೀಸ್ ಬಂದಿತ್ತಾ, ಹಚ್ಚೆ ಹಾಕಿಸಿದ್ದೀರಾ ಅಂತ ಕೇಳ್ತಾ ಕೇಳ್ತಾ ಈ ಪ್ರಶ್ನೆನೂ ಬಂತು, ಅಪಾಯ ಇರೋ ಲೈಂಗಿಕ ಸಂಪರ್ಕ ಏನಾದ್ರೂ ಆಗಿದೆಯಾ ಅಂತ. ಪೆನ್ನು ಅಲ್ಲೇ ನಿಂತೋಯ್ತು. ಫೋನ್ ಬಂತು ಅಂತ ಸುಳ್ಳು ಹೇಳಿ ಹೊರಗೆ ಬಂದವನು ವಾಪಸ್ ಹೋಗ್ಲಿಲ್ಲ. (ಇಲ್ಲೊಂದು ಮಾತು ಹೇಳಲೇಬೇಕು. ರಕ್ತ ಕೊಟ್ರೆ ಹೆಂಗೂ ಅವರೇ ಚೆಕ್ ಮಾಡ್ತಾರೆ, ಪುಕ್ಕಟೆ ಗೊತ್ತಾಗುತ್ತೆ ಅಂತ ಕೆಲವರು ಶಿಬಿರಕ್ಕೆ ಹೋಗೋದನ್ನ ನಾನೇ ಕೇಳಿದ್ದೀನಿ. ಹಂಗೆ ಮಾಡ್ಬೇಡಿ. ಸೋಂಕು ತಗುಲಿದ ಹೊಸದರಲ್ಲಿ ಟೆಸ್ಟಲ್ಲಿ ಕಾಣಿಸದೆ ಇರೋ ಒಂದಷ್ಟು ದಿನ ಇರುತ್ತೆ, ವಿಂಡೋ ಪೀರಿಯಡ್ ಅಂತಾರೆ, ಆ ಟೈಮಲ್ಲಿ ಕೊಟ್ಟ ರಕ್ತ ಯಾವುದೋ ಬಾಣಂತಿಗೋ ಮಗುವಿಗೋ ಹೋಗುತ್ತೆ.)

ಅವತ್ತು ರಾತ್ರಿಯಿಂದ ನಿದ್ದೆ ಹೋಯ್ತು. ಎರಡು ಗಂಟೆಗೆ ಎಚ್ಚರ ಆಗೋದು, ರಗ್ಗಿನ ಒಳಗೆ ಫೋನ್ ಇಟ್ಕೊಂಡು ಹುಡುಕೋದು, ಬೆಳಕು ಹೊರಗೆ ಬೀಳದ ಹಂಗೆ. ಬಾಯಲ್ಲಿ ಹುಣ್ಣು ಬಂದ್ರೆ ಹುಡುಕೋದು, ಬೆವರು ಬಂದ್ರೆ ಹುಡುಕೋದು, ತೂಕ ಕಮ್ಮಿ ಆದ್ರೆ ಹುಡುಕೋದು, ಅದು ಎಲ್ಲದಕ್ಕೂ ಹೌದು ಅನ್ನೋ ಹಂಗೇ ತೋರ್ಸೋದು, ಬೆಳಗಾಗೋದ್ರೊಳಗೆ ಎಲ್ಲ ಅಳಿಸಿ ಹಾಕೋದು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಲಕ್ಷಣ ನೋಡಿ ಈ ಸೋಂಕನ್ನ ಕಂಡು ಹಿಡಿಯೋಕೆ ಆಗಲ್ಲ, ವರ್ಷಗಟ್ಲೆ ಏನೂ ಕಾಣಿಸ್ಕೊಳ್ಳದೆ ಇರ್ಬಹುದು, ಏನೂ ಇಲ್ಲದವನಿಗೂ ನೂರೆಂಟು ಲಕ್ಷಣ ಇರ್ಬಹುದು. ನನ್ನ ಬಾಯಿ ಹುಣ್ಣಿಗೆ ಕಾರಣ ಸುಣ್ಣ ಜಾಸ್ತಿ ಹಾಕಿದ ಎಲೆ ಅಡಿಕೆ ಅಂತ ನನಗೇ ಗೊತ್ತಿತ್ತು, ಆದ್ರೂ ಮನಸ್ಸು ಕೇಳ್ತಿರ್ಲಿಲ್ಲ.

ಮನೇಲಿ ನಾನು ಹೆಂಗಾದೆ ಅಂತ ಬರೆಯೋಕೆ ಕಷ್ಟ ಆಗುತ್ತೆ. ಉಗುರು ಕಟ್ಟರ್ ಎಸೆದೆ. ಮಗಳು ನನ್ನ ತಟ್ಟೆಗೆ ಕೈ ಹಾಕಿ ಕಡುಬು ತಗೊಳ್ಳೋದು ಅವಳ ರೂಢಿ, ಒಂದಿನ ಅವಳ ಕೈ ತಳ್ಳಿಬಿಟ್ಟೆ. ಊಟದಿಂದ, ಮುಟ್ಟೋದ್ರಿಂದ, ಸೊಳ್ಳೆಯಿಂದ, ಒಂದೇ ಲೋಟದಲ್ಲಿ ಕುಡಿಯೋದ್ರಿಂದ ಹರಡಲ್ಲ ಅಂತ ಶಾಲೆ ಹುಡುಗರಿಗೂ ಗೊತ್ತು, ನಂಗೂ ಗೊತ್ತಿತ್ತು, ಆದ್ರೂ ಕೈ ತಳ್ಳಿದೆ. ಅವಳು ಅಳ್ಲಿಲ್ಲ, ಸುಮ್ಮನೆ ಅವಳಮ್ಮನ ಕಡೆ ನೋಡಿದ್ಲು. ಆವತ್ತಿಂದ ನನ್ನ ತಟ್ಟೆ ಹತ್ರ ಬರೋದು ಬಿಟ್ಲು. ಹೆಂಡ್ತಿ ಹತ್ರ ಹೋಗೋದನ್ನ ಬಿಟ್ಟೆ, ಸೊಂಟ ನೋವು, ನೈಟ್ ಲೋಡ್, ದೇವರಿಗೆ ಹರಕೆ, ಏನೇನೋ ನೆಪ. ಅವಳು ಇದಕ್ಕೆ ಬೇರೆ ಅರ್ಥ ಮಾಡ್ಕೊಂಡ್ಲು, ಮಾಡ್ಕೊಳ್ಳದೆ ಇನ್ನೇನು ಮಾಡ್ತಾಳೆ. ಆದ್ರೆ ನನ್ನ ಒಳಗೆ ಸುಡ್ತಾ ಇದ್ದಿದ್ದು ಇನ್ನೊಂದು, ಆ ಮೊದಲ ನಾಲ್ಕು ತಿಂಗಳು ನಾನು ಏನೂ ಯೋಚನೆ ಮಾಡದೆ ಅವಳ ಜೊತೆ ಇದ್ದೆ ಅನ್ನೋದು. ಭಯ ನನ್ನೊಬ್ಬನದಾಗಿದ್ರೆ ಹೆಂಗೋ ನುಂಗ್ಕೊಬಹುದಿತ್ತು.

ಈ ಭಯ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೀನಿ. ನಾವು ಚಿಕ್ಕವರಿದ್ದಾಗ ಏಡ್ಸ್ ಅಂದ್ರೆ ಗೋಡೆ ಮೇಲೆ ತಲೆಬುರುಡೆ, ಎರಡು ಮೂಳೆ. ಬಂದ್ರೆ ಸಾವೇ ಅಂತ ಮಾತು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆ ಆಗಿದ್ದು 1986ರಲ್ಲಿ ಚೆನ್ನೈ ಕಡೆ, ಆಗ ಔಷಧಿನೂ ಇರ್ಲಿಲ್ಲ, ಹೆದರ್ಸಿದ್ದು ಹೋಗ್ಲಿ ಅನ್ನೋಣ. ಆದ್ರೆ 2004ರ ಏಪ್ರಿಲ್ 1ರಿಂದ ಸರ್ಕಾರನೇ ಎಆರ್‌ಟಿ ಮಾತ್ರೆನ, ಅಂದ್ರೆ ವೈರಸ್ ಬೆಳೆಯದ ಹಂಗೆ ತಡೆಯೋ ಮಾತ್ರೆನ, ಪುಕ್ಕಟೆ ಕೊಡ್ತಾ ಬಂದಿದೆ, 2017ರಿಂದ ಪಾಸಿಟಿವ್ ಅಂತ ಗೊತ್ತಾದ ಯಾರಿಗೇ ಆಗ್ಲಿ ಸಿಡಿ4 (ರೋಗದ ವಿರುದ್ಧ ಹೋರಾಡೋ ರಕ್ತಕಣ) ಎಷ್ಟಿದೆ ಅಂತ ಕಾಯದೆ ಮಾತ್ರೆ ಶುರು ಮಾಡ್ತಾರೆ, ದಿನಕ್ಕೆ ಒಂದು ಮಾತ್ರೆ. ಇದನ್ನ ತಲೆಬುರುಡೆ ಬರೆದಷ್ಟು ದೊಡ್ಡದಾಗಿ ಯಾವ ಗೋಡೆ ಮೇಲೂ ನಾನು ನೋಡ್ಲಿಲ್ಲ. ಬುರುಡೆ ಮಾತ್ರ ತಲೇಲಿ ಉಳ್ಕೊಂಡಿತ್ತು.

ಟೆಸ್ಟ್ ಮಾಡಿಸೋಕೆ ಪ್ರಯತ್ನ ಪಡ್ಲಿಲ್ಲ ಅಂತಲ್ಲ. ಮೊದಲು ಒಂದು ಪ್ರೈವೇಟ್ ಲ್ಯಾಬಿಗೆ ಹೋದೆ, ಹೆಸರು ಬೇಡ. ಕೌಂಟರಲ್ಲಿ ಇದ್ದೋರು "ಎಚ್‌ಐವಿಗಾ? ಯಾತಕ್ಕೆ, ಆಪರೇಷನ್‌ಗಾ, ಫಾರಿನ್‌ಗಾ, ಡಾಕ್ಟರ್ ಚೀಟಿ ಎಲ್ಲಿ" ಅಂತ ಕೇಳಿದ್ರು, ಹಿಂದೆ ನಿಂತೋರಿಗೆಲ್ಲ ಕೇಳೋ ಹಂಗೆ. ನಾನು "ಅಲ್ಲ ಅಲ್ಲ, ಶುಗರ್" ಅಂದೆ. ಶುಗರ್ ಟೆಸ್ಟ್ ಮಾಡಿಸ್ಕೊಂಡು ದುಡ್ಡು ಕೊಟ್ಟು ಬಂದೆ. ಅದಾಗಿ ತಿಂಗಳಿಗೆ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಓಪಿಡಿ ಕ್ಯೂ ಎದುರಿಗೇ ಒಂದು ರೂಮು, ಬಾಗಿಲ ಮೇಲೆ ಏಡ್ಸ್ ಗುರುತಿನ ಕೆಂಪು ರಿಬ್ಬನ್ ಬೋರ್ಡು, ಕೆಳಗೆ ಒಂದೇ ಒಂದು ಬೆಂಚು. ಆ ಬೆಂಚಲ್ಲಿ ಕೂತೋರು ಯಾತಕ್ಕೆ ಕೂತಿದ್ದಾರೆ ಅಂತ ನೂರು ಜನಕ್ಕೆ ಗೊತ್ತಾಗುತ್ತೆ. ನಾನು ಕಂಬದ ಹಿಂದೆ ನಿಂತಿದ್ದೆ, ಅಷ್ಟ್ರಲ್ಲಿ ಅಟೆಂಡರ್ ಒಬ್ರು ಬಂದು "ಏಡ್ಸ್ ಟೆಸ್ಟ್‌ನವ್ರು ಈ ಕಡೆ ಕೂತ್ಕೊಳ್ಳಿ, ದಾರಿ ಬಿಡಿ" ಅಂತ ಕೂಗಿದ್ರು. ಅವರು ಕೆಟ್ಟ ಮನಸ್ಸಿಂದ ಕೂಗ್ಲಿಲ್ಲ ಅಂತ ನನಗೀಗ ಅನ್ಸುತ್ತೆ, ದಿನಾ ಕೂಗೋ ಹಂಗೆ ಕೂಗಿದ್ರು. ಆದ್ರೆ ಆ ಒಂದು ಕೂಗಿಗೆ ನಾನು ಮತ್ತೆ ಒಂಬತ್ತು ತಿಂಗಳು ಹಿಂದಕ್ಕೆ ಹೋದೆ. ಒಂಬತ್ತು ತಿಂಗಳು ಸಂಪಾದಕರೇ! ಅಷ್ಟ್ರಲ್ಲಿ ನಂಗೆ ನಿಜವಾಗ್ಲೂ ಸೋಂಕು ಇದ್ದಿದ್ರೆ, ಮಾತ್ರೆ ಇಲ್ಲದ ಒಂಬತ್ತು ತಿಂಗಳು ಅದು.

ಕೊನೆಗೆ ಗುರುತಿನವರು ಯಾರೂ ಇರಲ್ಲ ಅಂತ ಚಿಕ್ಕಮಗಳೂರಿಗೆ ಹೋಗೋದು ಅಂತ ತೀರ್ಮಾನ ಮಾಡ್ದೆ. ಗಾಡಿ ನಂಬರ್ ನೋಡಿ ಯಾರಾದ್ರೂ ಗುರುತು ಹಿಡಿದ್ರೆ ಅಂತ ಪಿಕಪ್ಪನ್ನ ಹಾಸನದಲ್ಲೇ ಬಿಟ್ಟು ಬಸ್ ಹತ್ತಿದೆ. ಬೇಲೂರು ಬಸ್ ಸ್ಟ್ಯಾಂಡಲ್ಲಿ ಬಸ್ ನಿಂತಾಗ ಇಳಿದುಬಿಟ್ಟೆ. ಮುಂದೆ ಹೋಗೋಕೆ ಕಾಲು ಬರ್ಲಿಲ್ಲ. ಒಂದು ಗಂಟೆ ಅಲ್ಲೇ ಕೂತಿದ್ದೆ. ಫೋನಲ್ಲಿ ಯಾವತ್ತೋ ಬರ್ಕೊಂಡಿದ್ದ 1097 ನಂಬರ್ ಇತ್ತು, ಸರ್ಕಾರದ ಏಡ್ಸ್ ಸಹಾಯವಾಣಿ, ಕಾಸಿಲ್ಲ, ಯಾವ ಹೊತ್ತಲ್ಲಾದ್ರೂ ಮಾಡ್ಬಹುದು. ಮಾಡ್ದೆ. ಕನ್ನಡದಲ್ಲೇ ಮಾತಾಡಿದ್ರು, ಹೆಸರೂ ಕೇಳ್ಲಿಲ್ಲ. ನಾನು ಸುತ್ತಿ ಬಳಸಿ ಏನೇನೋ ಹೇಳಿದೆ, ಆ ಕಡೆಯವರು ಪೂರ್ತಿ ಕೇಳಿ ಆದ್ಮೇಲೆ ಒಂದೇ ಕೇಳಿದ್ರು, "ಈಗ ಎಲ್ಲಿ ಕೂತಿದ್ದೀರ? ಊಟ ಆಯ್ತಾ?" ಅಂತ. ಅಷ್ಟು ದಿನದಲ್ಲಿ ಈ ವಿಷ್ಯ ಗೊತ್ತಿರೋ ಒಂದು ಮನುಷ್ಯ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಬಸ್ ಸ್ಟ್ಯಾಂಡಲ್ಲಿ ಕಣ್ಣು ಒರೆಸ್ಕೊಂಡು ಮುಂದಿನ ಬಸ್ ಹತ್ತಿದೆ.

ಚಿಕ್ಕಮಗಳೂರಿನ ಸರ್ಕಾರಿ ಆಸ್ಪತ್ರೇಲಿ ಐಸಿಟಿಸಿ (ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡೋ ಕೇಂದ್ರ) ಎಲ್ಲಿ ಅಂದ್ರೆ ಯಾರೂ ತಲೆ ಎತ್ತಿ ನೋಡ್ಲಿಲ್ಲ, ಕೈ ತೋರಿಸಿ ಹೇಳಿದ್ರು. ಒಳಗೆ ಆಪ್ತ ಸಮಾಲೋಚಕಿ ಒಬ್ರು, ನನ್ನ ತಂಗಿ ವಯಸ್ಸು. ಬಾಗಿಲು ಹಾಕಿ ಕೂರಿಸಿದ್ರು. ಯಾವಾಗ ಆಗಿದ್ದು, ಕಾಂಡೋಮ್ ಇತ್ತಾ, ಆಮೇಲೆ ಬೇರೆ ಏನಾದ್ರೂ, ಹೆಂಡತಿ ಜೊತೆ, ಎಲ್ಲ ಕೇಳಿದ್ರು, ಮುಖದಲ್ಲಿ ಒಂದು ಗೆರೆನೂ ಬದಲಾಗ್ಲಿಲ್ಲ, ಜ್ವರ ಎಷ್ಟು ದಿನದಿಂದ ಅಂತ ಕೇಳೋ ಹಂಗೆ. ಮೂರು ತಿಂಗಳು ದಾಟಿ ಎಷ್ಟೋ ಆಗಿದೆ, ಆಮೇಲೆ ಬೇರೆ ಏನೂ ಇಲ್ಲ ಅಂದ್ಮೇಲೆ ಇವತ್ತು ಬರೋ ರಿಸಲ್ಟನ್ನ ನಂಬ್ಬಹುದು, ಮತ್ತೆ ಮತ್ತೆ ಮಾಡಿಸ್ತಾ ಕೂರೋದು ಬೇಡ ಅಂದ್ರು. ಮೊದಲ ಕಿಟ್ಟಲ್ಲಿ ಏನೂ ಬರ್ಲಿಲ್ಲ ಅಂದ್ರೆ ನೆಗೆಟಿವ್, ಬಂದ್ರೂ ಅದೊಂದನ್ನೇ ನೋಡಿ ಪಾಸಿಟಿವ್ ಅನ್ನಲ್ಲ, ಇನ್ನೂ ಎರಡು ಬೇರೆ ಬೇರೆ ಥರದ ಕಿಟ್ಟಲ್ಲಿ ನೋಡಿ ಮೂರರಲ್ಲೂ ಬಂದ್ರೆ ಮಾತ್ರ ಹೇಳ್ತೀವಿ ಅಂದ್ರು. ಎಷ್ಟೋ ಜನ ಎಲ್ಲೋ ಒಂದು ಲ್ಯಾಬಲ್ಲಿ ರಿಯಾಕ್ಟಿವ್ ಅನ್ನೋ ಒಂದು ಪದ ನೋಡಿ ಅಲ್ಲಿಗೇ ಬದುಕು ಮುಗೀತು ಅಂದ್ಕೊಂಡಿರ್ತಾರಲ್ಲ, ಅವರಿಗೆ ಇದು ಗೊತ್ತಿರ್ಬೇಕು.

ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ಸಾಯೋ ತನಕ ಮರೆಯಲ್ಲ. "ಪಾಸಿಟಿವ್ ಬಂತು ಅಂತಾನೇ ಇಟ್ಕೊಳ್ಳಿ, ಇವತ್ತು ಸಾಯಂಕಾಲದ ಒಳಗೆ ಯಾರ ಹತ್ರ ಹೇಳ್ಕೋತೀರ?" ಅಂದ್ರು. ಒಂದೂವರೆ ವರ್ಷ ಸಾವಿನ ತನಕ ಎಲ್ಲ ಯೋಚನೆ ಮಾಡಿದ್ದೆ, ಮಗಳ ಮದುವೆ ಯಾರು ಮಾಡ್ತಾರೆ ಅನ್ನೋ ತನಕ, ಆದ್ರೆ ಆ ಸಾಯಂಕಾಲದ ಬಗ್ಗೆ ಮಾತ್ರ ಯೋಚನೆನೇ ಮಾಡಿರ್ಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು "ನಮ್ಮಕ್ಕಂಗೆ" ಅಂದೆ. ಅಕ್ಕನ ಮನೆ ಎಲ್ಲಿ, ಅವರ ಸ್ವಭಾವ ಹೆಂಗೆ ಅಂತ ಕೇಳಿದ್ರು. ಬಯ್ತಾಳೆ, ಬಿಡಲ್ಲ ಅಂದೆ. ಬಯ್ತಾಳೆ, ಕೈ ಬಿಡಲ್ಲ ಅಂತ ಅರ್ಥ, ನಮ್ಮ ಕಡೆ ಹಂಗೇ ಹೇಳೋದು. ಅವರಿಗೆ ಅರ್ಥ ಆಯ್ತು.

ರಕ್ತ ತೆಗೆದ್ರು. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೊರಗೆ ಕೂತಿರಿ ಅಂದ್ರು. ಹೊರಗೆ ಲ್ಯಾಬಿಗೂ ಇದಕ್ಕೂ ಸೇರಿ ಬೆಂಚು, ಯಾರು ಯಾತಕ್ಕೆ ಕೂತಿದ್ದಾರೆ ಅಂತ ಹೇಳೋಕಾಗಲ್ಲ. ಕೈಯಲ್ಲಿದ್ದ ಚೀಟಿ ಬೆವರಿಗೆ ಒದ್ದೆ ಆಗಿ ಪೆನ್ನಲ್ಲಿ ಬರೆದ ನಂಬರು ನನ್ನ ಅಂಗೈ ಮೇಲೆ ಉಲ್ಟಾ ಮೂಡಿತ್ತು. ಪಕ್ಕದಲ್ಲಿ ಒಬ್ಬ ತುಂಬಿದ ಬಸುರಿ, ಅವರ ಅತ್ತೆ, ತಾಯಿ ಕಾರ್ಡು ಕವರು ಎಲ್ಲ ಹಿಡ್ಕೊಂಡು. ಅವರನ್ನೂ ಇದೇ ರೂಮಿಗೆ ಕರೆದ್ರು, ಬಸುರಿಯರಿಗೆಲ್ಲ ಶುಗರ್, ಹಿಮೋಗ್ಲೋಬಿನ್ ಜೊತೆ ಈ ಟೆಸ್ಟೂ ಮಾಡ್ತಾರಲ್ಲ, ತಾಯಿಯಿಂದ ಮಗುವಿಗೆ ಹೋಗದ ಹಂಗೆ ತಡೆಯೋಕೆ. ಆಕೆ ಎದ್ದು ಹೋಗಿ ಕೈ ಚಾಚಿ ರಕ್ತ ಕೊಟ್ಟು ಬಂದು ಕೂತು "ಅತ್ತೆ, ಬಿಸಿಲು ಜಾಸ್ತಿ ಆಗೋ ಮುಂಚೆ ಹೊರಡೋಣ" ಅಂದ್ಲು. ಅಷ್ಟೇ. ಅತ್ತೆ ಕಿತ್ತಳೆ ಸುಲೀತಾ ಇದ್ರು, ಸೊಸೆಗೆ ಕೊಟ್ಟು, ನನ್ನ ಕಡೆ ನೋಡಿ, "ತಗೊಳಪ್ಪ, ಮುಖ ಬಾಡೋಗಿದೆ" ಅಂತ ಎರಡು ತೊಳೆ ನನ್ನ ಕೈಗೂ ಇಟ್ರು, ಆ ನೀಲಿ ನಂಬರ್ ಮೂಡಿದ್ದ ಅಂಗೈ ಮೇಲೆ. ನಾನು ಯಾತಕ್ಕೆ ಕೂತಿದ್ದೀನಿ ಅಂತ ಅವರಿಗೆ ಗೊತ್ತಿತ್ತೋ ಇಲ್ವೋ. ನಂಗೆ ಅನ್ಸಿದ್ದು ಇಷ್ಟು, ಅದೇ ಸೂಜಿ, ಅದೇ ಕಿಟ್ಟು, ಅದೇ ಬೆಂಚು, ಆಕೆಗೆ ಎಲ್ಲರಿಗೂ ಮಾಡೋ ಟೆಸ್ಟು ಅಂತ ಆಗಿದ್ದಕ್ಕೆ ಅದು ಒಂದು ಕೆಲಸ, ಮುಗಿಸಿ ಬಸ್ಸಿಗೆ ಹೋಗ್ಬೇಕು. ನಂಗೆ ಅದು ತೀರ್ಪು.

ಬೆಂಚಿನ ಆ ತುದೀಲಿ ಕೂತಿದ್ದ ಒಬ್ರು ನನ್ನನ್ನೇ ನೋಡ್ತಾ ಇದ್ರು. ನಮ್ಮ ಕಡೆ ಸಂತೇಲಿ ನೋಡಿದ ಮುಖ. ಅರವತ್ತು ಕಿಲೋಮೀಟರು ದಾಟಿ ಬಂದ್ರೂ ತಪ್ಪಿಸ್ಕೊಳ್ಳೋಕಾಗಲಿಲ್ವಲ್ಲ ಅಂತ ನೆಲ ನೋಡ್ಕೊಂಡು ಕೂತೆ. ಅವರೇ ಎದ್ದು ಬಂದು ಪಕ್ಕ ಕೂತ್ರು. "ಮೊದಲನೇ ಸಲನಾ" ಅಂದ್ರು. ಹ್ಞೂಂ ಅಂದೆ. "ನಾನು ಮಾತ್ರೆ ತಗೊಂಡು ಹೋಗೋಕೆ ಬಂದಿದ್ದು, ಎಂಟು ವರ್ಷ ಆಯ್ತು. ನಂಗೂ ನಮ್ಮೂರ ಹತ್ರ ಬೇಡ ಅಂತ ಇಲ್ಲಿಗೇ ಬರೋದು" ಅಂದ್ರು. ಆಳು ತೋಟದಲ್ಲಿ ಕೆಲಸ ಮಾಡೋ ಗಟ್ಟಿ ಆಳು, ತೋಳು ನೋಡಿದ್ರೆ ನನ್ನ ಎರಡು ತೋಳಿನಷ್ಟಿತ್ತು. ದಿನಾ ರಾತ್ರಿ ಊಟ ಆದ್ಮೇಲೆ ಒಂದು ಮಾತ್ರೆ, ಮೂರು ತಿಂಗಳಿಗೊಂದು ಸಲ ಬಂದು ತಗೊಂಡು ಹೋಗೋದು, ವರ್ಷಕ್ಕೆ ವೈರಲ್ ಲೋಡ್ ಟೆಸ್ಟು, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋದು. ವೈರಲ್ ಲೋಡ್ ಟೆಸ್ಟಲ್ಲೂ ಸಿಗದಷ್ಟು ಕಮ್ಮಿ ಇದೆ, ಮಾತ್ರೆ ಬಿಡದೆ ಹಂಗೇ ಇಟ್ಕೊಂಡ್ರೆ ಹೆಂಡ್ತಿಗೂ ಹರಡಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ, ಅವಳಿಗೆ ಇಲ್ಲ, ಆಮೇಲೆ ಹುಟ್ಟಿದ ಮಗನಿಗೂ ಇಲ್ಲ ಅಂದ್ರು. ಇಷ್ಟು ಹೇಳಿ, ಒಂದೂವರೆ ಬಸ್ಸು ತಪ್ಪಿದ್ರೆ ಮೆಣಸು ಕುಯ್ಯೋರಿಗೆ ಬಟವಾಡೆ ತಡ ಆಗುತ್ತೆ ಅಂತ ಎದ್ರು. ಹೋಗೋ ಮುಂಚೆ "ಸಂತೇಲಿ ಸಿಕ್ರೆ ಮಾತಾಡ್ಸು, ಇದೊಂದು ಬಿಟ್ಟು ಬೇರೆ ಏನಾದ್ರೂ ಮಾತಾಡು" ಅಂದ್ರು. ಈಗ ಸಂತೇಲಿ ಸಿಕ್ಕಾಗ ಮೆಣಸಿನ ರೇಟ್ ಮಾತಾಡ್ತೀವಿ.

ನನ್ನ ರಿಸಲ್ಟ್ ಏನು ಬಂತು ಅಂತ ಇಲ್ಲಿ ಬರೆಯಲ್ಲ. ಮುಚ್ಚಿಡೋಕಲ್ಲ. ನೆಗೆಟಿವ್ ಅಂತ ಬರೆದ್ರೆ ಓದೋರು ಸದ್ಯ ಅಂತ ಪುಟ ತಿರುಗಿಸ್ತಾರೆ, ಪಾಸಿಟಿವ್ ಅಂತ ಬರೆದ್ರೆ ಅನುಭವಿಸ್ಲಿ ಅಂತಾರೆ, ಎರಡರಲ್ಲೂ ನನ್ನ ಮಾತು ಬಿದ್ದೋಗುತ್ತೆ. ಇದನ್ನ ಹೇಳು ಅಂತ ಯಾರೂ ಯಾರನ್ನೂ ಬಲವಂತ ಮಾಡೋ ಹಂಗಿಲ್ಲ. 2017ರಲ್ಲಿ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅಂತಾನೇ ಬಂದಿದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಂಗಿಲ್ಲ, ರಿಸಲ್ಟನ್ನ ಊರಿಗೆ ಹೇಳೋ ಹಂಗಿಲ್ಲ, ಇದರ ಮೇಲೆ ಕೆಲಸದಿಂದ ತೆಗೆಯೋದು, ಮನೆ ಖಾಲಿ ಮಾಡಿಸೋದು, ಚಿಕಿತ್ಸೆ ಕೊಡಲ್ಲ ಅನ್ನೋದು, ಶಾಲೆಗೆ ಸೇರಿಸ್ಕೊಳ್ಳಲ್ಲ ಅನ್ನೋದು ಎಲ್ಲ ತಪ್ಪು. ಇದು ನಂಗೆ ಮೊದಲೇ ಗೊತ್ತಿದ್ದಿದ್ರೆ ಕಂಬದ ಹಿಂದೆ ನಿಲ್ತಾ ಇರ್ಲಿಲ್ಲವೇನೋ. ರಿಸಲ್ಟ್ ಹೇಳೋವಾಗ್ಲೂ ಬಾಗಿಲು ಹಾಕಿದ್ರು, ಕೂರಿಸಿದ್ರು, ನೀರು ಕೊಟ್ರು, ಮುಂದೆ ಏನು ಮಾಡ್ಬೇಕು ಅಂತ ನಿಧಾನಕ್ಕೆ ಹೇಳಿದ್ರು, ಇಷ್ಟು ಮಾತ್ರ ಬರೀತೀನಿ. ನನ್ನ ಮೈ ಹಗುರ ಆಗಿದ್ದು ರಿಸಲ್ಟ್ ಕೇಳಿದ ಮೇಲಲ್ಲ, ಅದಕ್ಕೆ ಮುಂಚೆ, ಅಕ್ಕನ ಹೆಸರು ಬಾಯಲ್ಲಿ ಬಂದಾಗ. ನಿಜವಾಗ್ಲೂ.

ಹೆಂಡ್ತಿಗೆ ಹೇಳೋಕೆ ನಾಲ್ಕು ದಿನ ತಗೊಂಡೆ. ಅಕ್ಕನ್ನೂ ಕೂರಿಸ್ಕೊಂಡು ಹೇಳಿದೆ. ಅವಳು ಹನ್ನೊಂದು ದಿನ ನನ್ನ ಜೊತೆ ಮಾತಾಡ್ಲಿಲ್ಲ, ಆ ಕೋಪ ನ್ಯಾಯವಾದದ್ದು, ಅದಕ್ಕೆ ನಾನು ಯಾವ ಅಡ್ಡ ಮಾತೂ ಆಡ್ಲಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ಮಗಳನ್ನ ಅಂಗನವಾಡಿಗೆ ಬಿಟ್ಟು ಬಂದು, "ಹೊರಡು, ನಂದೂ ಮಾಡ್ಸು" ಅಂದ್ಲು. ಹೋದ್ವಿ. ಅವಳ ರಿಸಲ್ಟ್ ಅವಳದು. ನಮ್ಮ ನಡುವೆ ಇನ್ನೂ ಎಲ್ಲ ಸರಿ ಹೋಗಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಆದ್ರೆ ಸುಳ್ಳು ನೆಪ ಹೇಳೋದು ನಿಂತಿದೆ. ಮಗಳು ಈಗ ಮತ್ತೆ ನನ್ನ ತಟ್ಟೆಗೆ ಕೈ ಹಾಕ್ತಾಳೆ. ಅದಕ್ಕೆ ಸುಮಾರು ದಿನ ಹಿಡೀತು, ನಾನೇ ಕರೆದು ಕರೆದು ಕೊಡ್ಬೇಕಾಯ್ತು.

ಈಗ ನನ್ನ ಕೋರಿಕೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಆರೋಗ್ಯ ಇಲಾಖೆಯವರು ಇದನ್ನ ಓದಿದ್ರೆ, ದಯವಿಟ್ಟು ಒಂದ್ಸಲ ನಿಮ್ಮ ನಿಮ್ಮ ಆಸ್ಪತ್ರೆ ಕಾರಿಡಾರಲ್ಲಿ ಹೋಗಿ ನಿಂತು ನೋಡಿ, ಆ ಬೆಂಚು ಎಲ್ಲಿದೆ ಅಂತ. ಬೇರೆ ಬೆಂಚು ಬೇಡ. ಲ್ಯಾಬಿನ ಕ್ಯೂ ಜೊತೆಗೇ ಸೇರಿಸಿ, ಶುಗರ್ ಬಿಪಿ ಥರ. ಹೆಸರು ಹಿಡಿದು ಕೂಗ್ಬೇಡಿ, ಯಾತಕ್ಕೆ ಬಂದಿದ್ದಾರೆ ಅಂತಂತೂ ಕೂಗಲೇಬೇಡಿ, ಟೋಕನ್ ನಂಬರ್ ಸಾಕು. ಬಾಗಿಲ ಹತ್ರ ನಿಂತಿರೋ ಅಟೆಂಡರ್, ಸೆಕ್ಯುರಿಟಿಯವರಿಗೂ ತರಬೇತಿ ಕೊಡಿ, ಯಾಕಂದ್ರೆ ಭಯ ಬಿದ್ದವನಿಗೆ ಮೊದಲು ಸಿಗೋದು ಡಾಕ್ಟ್ರೂ ಅಲ್ಲ, ಆಪ್ತ ಸಮಾಲೋಚಕರೂ ಅಲ್ಲ, ಅವರೇ. ಇನ್ನೊಂದು, ನಮ್ಮಂಥ ಡ್ರೈವರ್‌ಗಳು, ತೋಟದ ಆಳುಗಳು, ಹಗಲು ಕೂಲಿ ಬಿಟ್ಟು ಬರೋಕೆ ಕಷ್ಟ. ಸಂತೆ ದಿನ, ಭಾನುವಾರ, ಸಾಯಂಕಾಲ ಒಂದೆರಡು ಗಂಟೆ ಏನಾದ್ರೂ ಮಾಡೋಕಾದ್ರೆ ಮಾಡಿ. ಟೆಸ್ಟ್ ಪುಕ್ಕಟೆ ಅಂತ ಬೋರ್ಡ್ ಹಾಕಿದ್ರೆ ಸಾಲದು, ಒಂದು ದಿನದ ಬಾಡಿಗೆ ಹೋಗೋದೂ ದುಡ್ಡೇ.

ಸಂಪಾದಕರಲ್ಲಿ ಕೇಳ್ಕೊಳ್ಳೋದು, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ತನಕ ಈ ಪತ್ರ ಇಟ್ಕೋಬೇಡಿ. ಅವತ್ತು ಹೆಂಗೂ ಜಾಥಾ ಫೋಟೋ ಬರುತ್ತೆ. ಯಾವುದಾದ್ರೂ ಒಂದು ಮಾಮೂಲಿ ದಿನ, ಆಲೂಗಡ್ಡೆ ರೇಟ್ ಬರೋ ಪುಟದಲ್ಲಾದ್ರೂ ಪರ್ವಾಗಿಲ್ಲ, ಹಾಕಿ. ನಮ್ಮವರು ಆ ಪುಟ ತಪ್ಪದೆ ನೋಡ್ತಾರೆ.

ಆ ಹುಡುಗನಿಗೆ ಮೊನ್ನೆ ಫೋನ್ ಮಾಡಿದ್ದೆ. ಪತ್ರ ಬರೀತೀನಿ ಅಂತಾನೂ ಹೇಳಿದ್ದೀನಿ, ಬರಿ ಅಣ್ಣ ಅಂದ. ಅವನಿಗೆ ಆಗಿ ಇನ್ನೂ ಎರಡು ತಿಂಗಳು. ಈಗಲೇ ಒಂದು ಟೆಸ್ಟ್ ಮಾಡಿಸೋಣ, ನೆಗೆಟಿವ್ ಬಂದ್ರೂ ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದ್ಸಲ ಮಾಡಿಸ್ಬೇಕಾಗುತ್ತೆ, ಅಲ್ಲಿ ತನಕ ರಾತ್ರಿ ಫೋನಲ್ಲಿ ಹುಡುಕೋದು ಬಿಡು, ಹುಡುಕ್ಬೇಕು ಅನ್ಸಿದ್ರೆ ನಂಗೆ ಮಾಡು, ಎರಡು ಗಂಟೆಗಾದ್ರೂ ಎತ್ತೀನಿ ಅಂದೆ. ಸೋಮವಾರ ಹೊರಡ್ತಿದ್ದೀವಿ, ನನ್ನ ಪಿಕಪ್ಪಲ್ಲೇ, ಬಸ್ಸಲ್ಲಲ್ಲ. ಖಾಲಿ ಹೊಟ್ಟೇಲಿ ಬರ್ಬೇಕಾ ಅಣ್ಣ ಅಂತ ಕೇಳಿದ. ಬೇಡ, ಹೊಟ್ಟೆ ತುಂಬ ತಿಂಡಿ ತಿನ್ಕೊಂಡು ಬಾ, ಬೇಲೂರಲ್ಲಿ ಕಾಫಿ ಕುಡಿಯೋಣ ಅಂದಿದ್ದೀನಿ.

ಇಂತಿ,
ಒಬ್ಬ ಪಿಕಪ್ ಡ್ರೈವರ್
ಆಲೂರು ತಾಲ್ಲೂಕು, ಹಾಸನ ಜಿಲ್ಲೆ